ಮಿಶ್ರಣ ಸಿರಿವಂತ, ಮಾಲೀಕ ಬಡವ

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಬನ್ಸೆನ್ ಬರ್ನರ್ ಉರಿಯುವುದನ್ನು ನೀವು ನೋಡಿರುತ್ತೀರಿ. ಕೆಳಗಿನ ಗಾಳಿಯ ರಂಧ್ರ ತೆರೆದಿದ್ದರೆ ಜ್ವಾಲೆ ನೀಲಿ. ಮುಚ್ಚಿದರೆ ಹಳದಿ, ಅದರ ಮೇಲೆ ಪಿಂಗಾಣಿ ಬಟ್ಟಲು ಹಿಡಿದರೆ ತಳವೆಲ್ಲ ಮಸಿ. ವರ್ಷವರ್ಷವೂ ಇದನ್ನು ಮಾಡಿ ತೋರಿಸುತ್ತಿದ್ದ ನಾನು, ಅದೇ ಮಸಿ ಪಕ್ಕದ ಮನೆಯವರ ಕಾಂಪೌಂಡ್ ಗೋಡೆಯ ಮೇಲೆ ಕಂಡಾಗ ಮಾತ್ರ ಗುರುತಿಸಲಿಲ್ಲ.

2009ರ ಮಾತು. ನಮ್ಮದು ಕಾರ್ಬ್ಯುರೇಟರ್ ಇದ್ದ ಹಳೆಯ ಸೆಕೆಂಡ್ ಹ್ಯಾಂಡ್ ಕಾರು. ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದದ್ದು 10ಕ್ಕೆ ಇಳಿಯಿತು. ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲಿನ ವಾಸನೆ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾದ ಇಂಥ ಮಿಶ್ರಣವನ್ನು ಮೆಕ್ಯಾನಿಕ್‌ಗಳು 'ರಿಚ್' ಎನ್ನುತ್ತಾರೆ. ಅದು ಸಿರಿವಂತವಾದಷ್ಟೂ ಮಾಲೀಕ ಬಡವನಾಗುತ್ತಾನೆ!

1 ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. (ಎಥೆನಾಲ್ ಬೆರೆತಿದ್ದರೆ ತುಸು ಕಡಿಮೆ ಸಾಕು.) 10ನೇ ತರಗತಿಯವರು ಲೆಕ್ಕ ಹಾಕಿ ನೋಡಬಹುದು: 114 ಗ್ರಾಂ ಆಕ್ಟೇನ್ ಉರಿಯಲು 400 ಗ್ರಾಂ ಆಮ್ಲಜನಕ ಬೇಕು, ಗಾಳಿಯ ತೂಕದಲ್ಲಿ ಆಮ್ಲಜನಕ ಶೇ. 23. ಉತ್ತರ 15ರ ಆಸುಪಾಸಿಗೆ ಬರುತ್ತದೆ. ಪೆಟ್ರೋಲ್ ಹಲವು ಹೈಡ್ರೋಕಾರ್ಬನ್‌ಗಳ ಬೆರಕೆಯಾದ್ದರಿಂದ ಆ ಚಿಲ್ಲರೆ ವ್ಯತ್ಯಾಸ. ಗಾಳಿ ಸಾಲದಿದ್ದರೆ ಇಂಗಾಲದ ಒಂದು ಪಾಲು ಮಸಿಯಾಗುತ್ತದೆ, ಇನ್ನೊಂದು ಪಾಲು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂ ತಿರುಗಿಸತೊಡಗಿದೆ. ಎಷ್ಟು ಸುತ್ತು ತಿರುಗಿಸಿದೆನೆಂದು ಬರೆದಿಟ್ಟುಕೊಳ್ಳಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ರೀಡಿಂಗ್ ಬರೆಯದ ಹುಡುಗರಿಗೆ ಅಂಕ ಕಳೆಯುವ ಮೇಷ್ಟ್ರು ನಾನು! ಅಂದು ಹೊರಗೆ ಮಳೆ. ಶೆಡ್ಡಿನ ಶಟರ್ ಅರ್ಧ ಇಳಿದಿತ್ತು, ಎಂಜಿನ್ ಓಡುತ್ತಿತ್ತು, 7ನೇ ತರಗತಿಯಲ್ಲಿದ್ದ ಮಗಳು ಟಾರ್ಚ್ ಹಿಡಿದು ನಿಂತಿದ್ದಳು. "ಅಪ್ಪಾ, ತಲೆ ನೋಯ್ತಿದೆ, ಹೊಟ್ಟೆ ತೊಳಸ್ತಿದೆ" ಎಂದಳು. ಪೆಟ್ರೋಲ್ ವಾಸನೆಗೆ ಇರಬೇಕು ಎಂದೆ. ಸ್ವಲ್ಪ ಹೊತ್ತಿಗೆ ನನಗೂ ತಲೆ ಭಾರವಾದಾಗ ಎದೆ ಧಸಕ್ಕೆಂದಿತು. ಎಂಜಿನ್ ಆರಿಸಿ ಅವಳನ್ನು ಮಳೆಗೇ ಎಳೆದುಕೊಂಡು ಹೋದೆ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಶಟರ್ ಅರ್ಧ ತೆರೆದಿದ್ದರೆ ಸಾಕೆಂದುಕೊಳ್ಳಬೇಡಿ. ಎಂಜಿನ್ ಚಾಲೂ ಮಾಡುವುದಿದ್ದರೆ ಕಾರನ್ನು ಬಯಲಿಗೆ ತನ್ನಿ. ಆ ರಾತ್ರಿ ಮಗಳು ನಿದ್ದೆಹೋದ ಮೇಲೂ ನಾನು ಎದ್ದೆದ್ದು ಅವಳ ಉಸಿರು ನೋಡುತ್ತಿದ್ದೆ.

ಮಾರನೆಯ ದಿನ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಸ್ಕ್ರೂ ಮುಟ್ಟಲೇ ಇಲ್ಲ. ಮೊದಲು ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಚೆನ್ನಾಗಿ ಉರಿಯುವ ಎಂಜಿನ್ನಿನ ಪ್ಲಗ್ ತುದಿ ತಿಳಿ ಕಂದು ಬಣ್ಣಕ್ಕಿರುತ್ತದೆ. ನಮ್ಮವು ಮೂರರಲ್ಲೂ ಒಣ ಕಪ್ಪು ಮಸಿ. ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಒಳಸೇರುತ್ತಿದೆಯೆಂದು ಶಂಕಿಸಬೇಕು. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಒಂದು ಸಿಲಿಂಡರಿನಲ್ಲಿ, ಅದರ ವೈರಿನಲ್ಲಿ ಹುಡುಕಬೇಕು. ಮೂರೂ ಒಂದೇ ಸಮ ಕಪ್ಪಾಗಿರುವುದರಿಂದ ದೋಷ ಮೂರಕ್ಕೂ ಸಮಾನವಾದ ದಾರಿಯಲ್ಲಿದೆ. ಎಂಥ ತರ್ಕ ನೋಡಿ!

ಏರ್ ಫಿಲ್ಟರನ್ನು ಬಿಸಿಲಿಗೆ ಹಿಡಿದರು, ಬೆಳಕು ಹಾಯಿತು. ಕಾರ್ಬ್ಯುರೇಟರಿನ ಫ್ಲೋಟ್ ನೋಡಿದರು. ಇದು ಮನೆಯ ಓವರ್‌ಹೆಡ್ ಟ್ಯಾಂಕಿನ ತೇಲುವ ಚೆಂಡಿನಂತೆ: ಅದರ ಸೂಜಿ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಮೇರೆ ಮೀರುತ್ತದೆ. ಅದೂ ಸರಿಯಿತ್ತು. ಕೊನೆಗೆ ಕೇಳಿದರು, "ಮೇಷ್ಟ್ರೇ, ಚೋಕ್ ಒಳಗೆ ತಳ್ಳಿದ್ದೀರಾ?"

"ತಳ್ಳಿದ್ದೀನಲ್ಲ, ಗುಂಡಿ ಒಳಗೇ ಇದೆ."

"ಗುಂಡಿ ಒಳಗಿದೆ. ಪ್ಲೇಟ್ ಎಲ್ಲಿದೆ, ಬಂದು ನೋಡಿ."

ಚಳಿಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗದು. ಅದಕ್ಕೇ ಚೋಕ್ ಎಳೆದಾಗ ಒಂದು ತಗಡು ಗಾಳಿಯ ಬಾಯಿಗೆ ಅಡ್ಡ ಬಂದು ಮಿಶ್ರಣವನ್ನು ರಿಚ್ ಮಾಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಅದು ನೆಟ್ಟಗೆ ನಿಲ್ಲಬೇಕು. ನಮ್ಮದು ವಾಲಿಕೊಂಡೇ ಇತ್ತು. ಕೇಬಲ್ ತುಕ್ಕು ಹಿಡಿದು ಅರ್ಧದಾರಿಯಲ್ಲಿ ಸಿಕ್ಕಿಕೊಂಡಿತ್ತು. ನಾನು ತಿರುಗಿಸಿದ ಸ್ಕ್ರೂ ಕಾರು ನಿಂತು ಎಂಜಿನ್ ಮಾತ್ರ ಓಡುವಾಗಿನ ಮಿಶ್ರಣವನ್ನಷ್ಟೇ ಸರಿಪಡಿಸಬಲ್ಲದು. ಹೊಸ ಕೇಬಲ್ ಹಾಕಿ, ನನ್ನ ಕೈಚಳಕವನ್ನು ಸರಿಮಾಡಲು ಅವರಿಗೆ ಅರ್ಧ ಗಂಟೆ ಹಿಡಿಯಿತು.

ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಚೋಕ್ ಗುಂಡಿಯಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಒಂದು ಸೆನ್ಸರ್ ಅಳೆದು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆದರೆ ಎಂಜಿನ್ನಿನ ಬಿಸಿ ತಿಳಿಸುವ ಸೆನ್ಸರ್ ಕೆಟ್ಟು 'ಇನ್ನೂ ತಣ್ಣಗಿದೆ' ಎಂದು ಸುಳ್ಳು ಹೇಳಿದರೆ ಕಂಪ್ಯೂಟರ್ ನಂಬಿ ಪೆಟ್ರೋಲ್ ಸುರಿಯುತ್ತಲೇ ಇರಬಹುದು. ಹಾಗೆ ಉರಿಯದೆ ಹೊರಬಿದ್ದ ಪೆಟ್ರೋಲ್ ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಹಾಳುಮಾಡಬಲ್ಲದು. ಎಚ್ಚರಿಕೆಯ ದೀಪ ಹೊತ್ತಿದರೆ ತಿಂಗಳುಗಟ್ಟಲೆ ಓಡಿಸಬೇಡಿ.

ನಮ್ಮ ಕಾರು ಮತ್ತೆ 15ಕ್ಕೆ ಬಂತು. ಪಕ್ಕದ ಮನೆಯವರ ಗೋಡೆಗೆ ಬಣ್ಣ ಹೊಡೆಸಿಕೊಟ್ಟದ್ದಕ್ಕೆ ಮಾತ್ರ ಕೇಬಲ್ಲಿನ ಮೂರು ಪಟ್ಟು ಖರ್ಚಾಯಿತು.