ಲ್ಯಾಟರಲ್ ಎಂಟ್ರಿಗೆ ಒಂದು ಪುಟದ ನಕ್ಷೆ ಬೇಕು

ಪ್ರತಿ ವರ್ಷ ಮೂರನೇ ಸೆಮಿಸ್ಟರ್ ಶುರುವಾಗೋ ಹೊತ್ತಿಗೆ ಡಿಪ್ಲೊಮಾ ಮುಗಿಸಿದ ಗೆಳೆಯರು ನಮ್ಮ ಕ್ಲಾಸುಗಳಿಗೆ ಬಂದು ಸೇರ್ತಾರೆ. ಡಿಸಿಇಟಿ ಬರೆದು, ರ‍್ಯಾಂಕ್ ತಗೊಂಡು, ಕೆಇಎ ಕೌನ್ಸೆಲಿಂಗ್ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರೋರು ಇವರು. ಇವರಿಗೆ ಸೀಟು ಕೊಡೋ ವ್ಯವಸ್ಥೆ ನಮ್ಮಲ್ಲಿ ಚೆನ್ನಾಗೇ ಇದೆ. ಆದ್ರೆ ಆ ಸೀಟಿನಲ್ಲಿ ಕೂತ ಮೊದಲ ದಿನಕ್ಕೆ ಏನು ಗೊತ್ತಿರಬೇಕು ಅನ್ನೋದನ್ನ ಮೊದಲೇ ಹೇಳೋ ವ್ಯವಸ್ಥೆ ಕಾಣಲ್ಲ. ಅಂಥದ್ದೊಂದು ಬೇಕು, ಅದನ್ನ ನಾವೇ ಶುರು ಮಾಡಬಹುದು ಅನ್ನೋದು ನಮ್ಮ ಅಭಿಪ್ರಾಯ.

ಇದಕ್ಕೆ ಹೋಲಿಸಿ ನೋಡೋಕೆ ಒಂದು ಒಳ್ಳೆ ಉದಾಹರಣೆ ಕ್ಯಾಲಿಫೋರ್ನಿಯಾ. ಅಲ್ಲಿನ ಫ್ರೀಮಾಂಟ್, ಸನ್ನಿವೇಲ್ ಕಡೆ ನೆಂಟರಿರೋರು ನಮ್ಮಲ್ಲಿ ಎಷ್ಟೋ ಜನ ಇದ್ದೀವಿ. ಆ ಮನೆಗಳ ಮಕ್ಕಳು 'ಕಮ್ಯುನಿಟಿ ಕಾಲೇಜ್' ಅನ್ನೋದನ್ನ ಕೇಳಿರ್ತೀರಿ. ನಮ್ಮ ಕಿವಿಗೆ ಅದು ಯಾವುದೋ ಟ್ರೇನಿಂಗ್ ಸೆಂಟರ್ ಥರ ಕೇಳಿಸುತ್ತೆ. ವಿಷಯ ಬೇರೆ. 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡ್ತು. ಅದರ ಪ್ರಕಾರ ಯಾರು ಬೇಕಾದ್ರೂ ಕಮ್ಯುನಿಟಿ ಕಾಲೇಜಿಗೆ ಸೇರಬಹುದು, ಪದವಿಯ ಮೊದಲ ಎರಡು ವರ್ಷದ ವಿಷಯಗಳನ್ನ ಅಲ್ಲೇ ಓದಬಹುದು, ಆಮೇಲೆ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ವರ್ಗ ಆಗಬಹುದು. ಈಗ ಅಲ್ಲಿ ಇಂಥ 116 ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಫೀಸು. ವರ್ಗಾವಣೆಗೆ ಬೇಕಾಗೋದು 60 ಸೆಮಿಸ್ಟರ್ ಯೂನಿಟ್. ಅಂದ್ರೆ ಎರಡು ವರ್ಷದ ಓದಿಗೆ ಯೂನಿಟ್ ಲೆಕ್ಕದಲ್ಲಿ 2,760 ಡಾಲರ್. ಅದೇ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಕಳೆದರೆ ಇದರ ಹಲವು ಪಟ್ಟು ಖರ್ಚು.

ಕೇಳೋಕೆ ಸುಲಭ: 60 ಯೂನಿಟ್ ಮಾಡು, ಹೊರಡು. ಆದ್ರೆ ಸೈನ್ಸ್, ಎಂಜಿನಿಯರಿಂಗ್ ಓದೋರಿಗೆ 60 ಅನ್ನೋ ಸಂಖ್ಯೆಗಿಂತ ಮುಖ್ಯವಾದದ್ದು ವಿಷಯಗಳ ಸರದಿ. ಕ್ಯಾಲ್ಕುಲಸ್ ಒಂದು ಆಗದೆ ಎರಡು ಇಲ್ಲ, ಎರಡು ಆಗದೆ ಬಹುಚರ ಕ್ಯಾಲ್ಕುಲಸ್ ಇಲ್ಲ. ಡಿಫರೆನ್ಷಿಯಲ್ ಈಕ್ವೇಶನ್ಸ್, ಲೀನಿಯರ್ ಆಲ್ಜಿಬ್ರಾ ಅದರ ಹಿಂದೆ ಮುಂದೆ ಬರುತ್ತೆ. ಕ್ಯಾಲ್ಕುಲಸ್ ಶುರು ಮಾಡದೆ ಫಿಸಿಕ್ಸ್‌ನ ಮೆಕ್ಯಾನಿಕ್ಸ್ ತಗೊಳ್ಳೋ ಹಾಗಿಲ್ಲ, ಮೆಕ್ಯಾನಿಕ್ಸ್ ಮುಗಿಸದೆ ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಂಗೆ ಹೋಗೋ ಹಾಗಿಲ್ಲ. ಹೀಗೆ ಜೋಡಿಸ್ತಾ ಹೋದ್ರೆ ನಾಲ್ಕು ಸೆಮಿಸ್ಟರ್ ತುಂಬಿಹೋಗುತ್ತೆ. ಕ್ಯಾಲ್ಕುಲಸ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಪ್ರಿ-ಕ್ಯಾಲ್ಕುಲಸ್‌ನಿಂದ ಶುರು ಮಾಡಿದವರಿಗೆ ಇಡೀ ಸರಪಳಿ ಒಂದು ಸೆಮಿಸ್ಟರ್ ಮುಂದಕ್ಕೆ ಜರುಗುತ್ತೆ. ಬೇಸಿಗೆ ತರಗತಿಯಲ್ಲಿ ಸರಿದೂಗಿಸಿಕೊಳ್ಳದಿದ್ರೆ ಎರಡು ವರ್ಷದ ಪ್ಲಾನು ಎರಡೂವರೆ, ಮೂರು ವರ್ಷ ಆಗುತ್ತೆ. ಅದು ಸೋಮಾರಿತನ ಅಲ್ಲ, ಬರೀ ಸರದಿಯ ಲೆಕ್ಕ.

ಬಯಾಲಜಿ, ಕೆಮಿಸ್ಟ್ರಿ ಕಡೆ ಹೋಗೋರಿಗೂ ಇದೇ ಕಥೆ. ಜನರಲ್ ಕೆಮಿಸ್ಟ್ರಿ ಒಂದು ವರ್ಷ, ಅದಾದ ಮೇಲೆ ಆರ್ಗ್ಯಾನಿಕ್. ಆರ್ಗ್ಯಾನಿಕ್ ಅರ್ಧ ಇಲ್ಲಿ, ಇನ್ನರ್ಧ ವಿಶ್ವವಿದ್ಯಾಲಯದಲ್ಲಿ ಮಾಡೋಣ ಅಂದ್ರೆ ಕಷ್ಟ, ಯಾಕಂದ್ರೆ ಎರಡೂ ಕಡೆ ಪಾಠದ ಕ್ರಮ ಒಂದೇ ಇರಲ್ಲ. ಅದಕ್ಕೇ ಸರಣಿ ಶುರು ಮಾಡಿದ ಕಡೆಯೇ ಮುಗಿಸಿ ಬಾ ಅಂತ ಸಲಹೆ ಕೊಡ್ತಾರೆ. ಇನ್ನೊಂದು ಸಲಹೆಯೂ ಇದೆ: ಎಂಜಿನಿಯರಿಂಗ್‌ನಂಥ ವಿಷಯಕ್ಕೆ ಹೋಗೋರು ಮೊದಲು ಮೇಜರ್‌ಗೆ ಬೇಕಾದ ಗಣಿತ, ವಿಜ್ಞಾನ ಮುಗಿಸಬೇಕು. ಇತಿಹಾಸ, ಕಲೆಯಂಥ ಸಾಮಾನ್ಯ ವಿಷಯಗಳಲ್ಲಿ ಒಂದೆರಡು ಉಳಿದರೆ ಆಮೇಲೆ ನೋಡ್ಕೋಬಹುದು. ಸರಪಳಿಯ ಮಧ್ಯದ ಕೊಂಡಿ ಉಳಿದರೆ ಮುಂದಿನದ್ದೆಲ್ಲ ನಿಂತುಹೋಗುತ್ತೆ.

ಇಷ್ಟನ್ನೆಲ್ಲ ಹದಿನೆಂಟು ವರ್ಷದ ಹುಡುಗ ಹುಡುಗಿಯರು ಹೇಗೆ ಪ್ಲಾನ್ ಮಾಡ್ತಾರೆ? ಅಲ್ಲಿ 'ಅಸಿಸ್ಟ್' ಅನ್ನೋ ಸರ್ಕಾರಿ ದಾಖಲೆ ಇದೆ, ಯಾರು ಬೇಕಾದ್ರೂ ತೆರೆದು ನೋಡಬಹುದು. ಈಗ ಓದ್ತಿರೋ ಕಾಲೇಜು ಯಾವುದು, ಹೋಗಬೇಕಾದ ವಿಶ್ವವಿದ್ಯಾಲಯ ಯಾವುದು, ಮೇಜರ್ ಯಾವುದು, ಈ ಮೂರನ್ನ ಆರಿಸಿದ್ರೆ ಸಾಕು. ಒಂದು ಕಡೆ ವಿಶ್ವವಿದ್ಯಾಲಯದ ವಿಷಯ, ಎದುರಿಗೆ ಅದಕ್ಕೆ ಸಮ ಅಂತ ಒಪ್ಪಿಕೊಂಡಿರೋ ಕಮ್ಯುನಿಟಿ ಕಾಲೇಜಿನ ವಿಷಯ, ಸಾಲು ಸಾಲಾಗಿ ಬರುತ್ತೆ. ಸಮ ಅಂತ ಯಾವುದೂ ಇಲ್ಲದಿದ್ರೆ 'ಇಲ್ಲ' ಅಂತಲೇ ಬರೆದಿರುತ್ತೆ. ಆ 'ಇಲ್ಲ' ಅನ್ನೋ ಸಾಲೇ ನಮಗೆ ತುಂಬ ಇಷ್ಟವಾಗಿದ್ದು. ಏನು ಕೊರತೆ ಇದೆ ಅಂತ ಸೇರೋಕೆ ಮೊದಲೇ ಗೊತ್ತಾಗುತ್ತೆ.

ಅಲ್ಲಿ ಎಲ್ಲ ಸರಿ ಇದೆ ಅಂತ ನಾವು ಹೇಳ್ತಿಲ್ಲ. ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಪಟ್ಟಿ ಕೇಳುತ್ತೆ, ನಾಲ್ಕೈದು ಕಡೆ ಅರ್ಜಿ ಹಾಕೋರು ಎಲ್ಲ ಪಟ್ಟಿಗೂ ಹೊಂದಿಸೋಕೆ ಹೆಚ್ಚಿನ ವಿಷಯ ಹೊರಬೇಕಾಗುತ್ತೆ. ಒಂದೇ ವಿಷಯಕ್ಕೆ ಕಾಲೇಜಿಗೊಂದು ನಂಬರ್ ಇದ್ದದ್ದು ಎಷ್ಟು ಗೊಂದಲ ಮಾಡ್ತು ಅಂದ್ರೆ, ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ನಂಬರ್ ವ್ಯವಸ್ಥೆ ಬರಲಿ ಅಂತ 2021ರಲ್ಲಿ ಕಾನೂನೇ ಮಾಡಬೇಕಾಯ್ತು. ವರ್ಗ ಆಗಬೇಕು ಅಂತ ಸೇರಿದವರಲ್ಲಿ ಬಹಳಷ್ಟು ಜನ ಕೊನೆಗೆ ಅಲ್ಲಿಗೆ ತಲುಪೋದೇ ಇಲ್ಲ. ನಕ್ಷೆ ಇದ್ದ ಮಾತ್ರಕ್ಕೆ ದಾರಿ ಸಲೀಸಾಗಲ್ಲ ಅನ್ನೋದು ನಿಜ.

ಈಗ ನಮ್ಮ ಕಡೆ ನೋಡಿ. ಒಂದು ಲೆಕ್ಕದಲ್ಲಿ ನಮ್ಮದು ಅವರಿಗಿಂತ ಉದಾರ. ಅಲ್ಲಿ ಒಂದೊಂದು ವಿಷಯವನ್ನೂ ತೂಗಿ ನೋಡ್ತಾರೆ. ಇಲ್ಲಿ ಮೂರು ವರ್ಷದ ಡಿಪ್ಲೊಮಾ ಇದ್ದರೆ ಬಿಇ ಮೊದಲ ವರ್ಷ ಪೂರ್ತಿ ಮಾಫಿ. ಮಂಜೂರಾದ ಸೀಟಿನ ಮೇಲೆ ಶೇಕಡ 10ರಷ್ಟು ಹೆಚ್ಚುವರಿ ಸೀಟು ಲ್ಯಾಟರಲ್ ಎಂಟ್ರಿಗೆ ಇದೆ, ಮೊದಲ ವರ್ಷ ತುಂಬದೆ ಉಳಿದ ಸೀಟೂ ಸಿಗುತ್ತೆ. ಪಾಲಿಟೆಕ್ನಿಕ್‌ನಿಂದ ಡಿಗ್ರಿಗೆ ಬರೋಕೆ ಇಷ್ಟು ಅಗಲದ ಬಾಗಿಲು ಇರೋದು ಸಣ್ಣ ಮಾತಲ್ಲ.

ಆದ್ರೆ ಮಾಫಿ ಆದ ವರ್ಷದ ಪಾಠ ಎಲ್ಲಿಗೂ ಹೋಗಿರಲ್ಲ. ಅದು ಮೂರನೇ ಸೆಮಿಸ್ಟರ್‌ನಲ್ಲಿ 'ಇದು ನಿಮಗೆ ಗೊತ್ತಿರೋದೇ' ಅನ್ನೋ ಮಾತಾಗಿ ವಾಪಸ್ ಬರುತ್ತೆ. ಡಿಪ್ಲೊಮಾದಲ್ಲಿ ಗಣಿತ ಹೆಚ್ಚಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತೆ, ಆಮೇಲೆ ಬ್ರ್ಯಾಂಚ್ ವಿಷಯ, ಲ್ಯಾಬು, ಪ್ರಾಜೆಕ್ಟು. ಅಲ್ಲಿಂದ ಬಂದು ಕೂತ ವಾರದಲ್ಲೇ ಲ್ಯಾಪ್ಲಾಸ್, ಫೋರಿಯರ್ ಶುರುವಾದ್ರೆ ಕಷ್ಟ ಆಗೋದು ಬುದ್ಧಿ ಕಡಿಮೆ ಅಂತಲ್ಲ. ಮಧ್ಯದ ಕೊಂಡಿ ಇಲ್ಲ, ಅಷ್ಟೇ.

ಬ್ರಿಡ್ಜ್ ಕೋರ್ಸ್ ಇದೆಯಲ್ಲ ಅಂತ ಕೇಳಬಹುದು. ವಿಟಿಯು 2018ರ ಸ್ಕೀಮ್‌ನಲ್ಲಿ ಲ್ಯಾಟರಲ್ ಎಂಟ್ರಿಯವರಿಗೆ ಮೂರು, ನಾಲ್ಕನೇ ಸೆಮಿಸ್ಟರ್‌ನಲ್ಲಿ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಇಟ್ಟಿತ್ತು. ಉದ್ದೇಶ ಒಳ್ಳೇದೇ. ಆದ್ರೆ ಅದು ಬಂದಿದ್ದು ಅಸಲಿ ಗಣಿತದ ಪೇಪರ್ ಜೊತೆಜೊತೆಗೆ, ಅದಕ್ಕೆ ಮೊದಲಲ್ಲ. ಹೊಳೆ ದಾಟುವಾಗಲೇ ಸೇತುವೆ ಕಟ್ಟಿದ ಹಾಗಾಯ್ತು. ಹೊಸ ಕ್ಯಾಂಪಸ್, ಹೊಸ ಹಾಸ್ಟೆಲ್, ಎಲ್ಲರಿಗಿಂತ ಒಂದು ಪೇಪರ್ ಜಾಸ್ತಿ. ಡಿಸಿಇಟಿ ರ‍್ಯಾಂಕ್ ಇದೆಯಲ್ಲ ಅನ್ನೋರಿಗೂ ಒಂದು ಮಾತು: ಆ ಪರೀಕ್ಷೆ ಇವರಿಗೆ ಈವರೆಗೆ ಏನು ಬರುತ್ತೆ ಅಂತ ಅಳೆಯುತ್ತೆ. ಮುಂದೆ ಏನು ಬೇಕಾಗುತ್ತೆ ಅಂತ ಹೇಳೋದು ಅದರ ಕೆಲಸ ಅಲ್ಲ.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಬಂತು, ಇನ್ನು ಮುಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರೆಡಿಟ್ ಒಯ್ಯೋರು ಹೆಚ್ಚಾಗಬಹುದು. ಬ್ಯಾಂಕು ಕ್ರೆಡಿಟ್ ಕೂಡಿಡುತ್ತೆ. ಇಲ್ಲಿನ ವಿಷಯಕ್ಕೆ ಅಲ್ಲಿ ಯಾವುದು ಸಮ, ಯಾವುದು ಕೊರತೆ ಅಂತ ಯಾರಾದ್ರೂ ಕೂತು ಬರೆಯಲೇಬೇಕು.

ಹಾಗಾಗಿ ನಮ್ಮ ಸಲಹೆ ಇಷ್ಟು. ಬ್ರ್ಯಾಂಚಿಗೆ ಒಂದು ಪುಟ, ಮೂರು ಕಾಲಂ. ಮೊದಲನೇದ್ರಲ್ಲಿ ಮೂರನೇ ಸೆಮಿಸ್ಟರ್‌ನ ವಿಷಯ. ಎರಡನೇದ್ರಲ್ಲಿ ಅದಕ್ಕೆ ಮೊದಲ ವರ್ಷದಿಂದ ಬೇಕಾಗೋ ಪಾಠ: ಪಾರ್ಷಿಯಲ್ ಡೆರಿವೇಟಿವ್, ಮ್ಯಾಟ್ರಿಕ್ಸ್, ಸಿ ಪ್ರೋಗ್ರಾಮಿಂಗ್‌ನಲ್ಲಿ ಪಾಯಿಂಟರ್, ಹೀಗೆ. ಮೂರನೇದ್ರಲ್ಲಿ ಅದು ಡಿಪ್ಲೊಮಾದ ಯಾವ ಸೆಮಿಸ್ಟರ್‌ನಲ್ಲಿ ಆಗಿದೆ, ಆಗಿಲ್ಲದಿದ್ರೆ 'ಇಲ್ಲ'. ಮೂರನೇ ಕಾಲಂ ನಮ್ಮಿಂದ ಆಗಲ್ಲ, ಡಿಪ್ಲೊಮಾ ಮಾಡಿದವರೇ ತುಂಬಬೇಕು. ಎರಡನೇ ಕಾಲಂ ಮೊದಲ ವರ್ಷ ಇಲ್ಲೇ ಓದಿದ ನಾವು ಬರೀತೀವಿ. ಮೇಷ್ಟ್ರುಗಳು ಒಮ್ಮೆ ನೋಡಿ ತಿದ್ದಿ ಕೊಟ್ಟರೆ ಸಾಕು.

ಇದು ಕನ್ನಡದಲ್ಲೂ ಇರಬೇಕು. ಪಾಲಿಟೆಕ್ನಿಕ್‌ಗಳಲ್ಲಿ ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಬಹಳ ಜನ. ಇಂಗ್ಲಿಷ್ ಮೀಡಿಯಂನಿಂದ ಬಂದ ನಮಗೆ ಅವಕಲನ ಯಾವುದು, ಅನುಕಲನ ಯಾವುದು ಅಂತ ಅವರೇ ಹೇಳಿಕೊಡಬೇಕಾದೀತು. ಒಳ್ಳೇದಾಯ್ತು, ಕೊಡುಕೊಳ್ಳು ಎರಡೂ ಕಡೆಯಿಂದ ಆಗಲಿ. ಸರ್ವೆ, ವೈರಿಂಗ್, ಲೇತ್ ಕೆಲಸದಲ್ಲಿ ಅವರ ಕೈ ಪಳಗಿರುತ್ತೆ, ಲ್ಯಾಬಿನಲ್ಲಿ ಅವರ ಪಕ್ಕ ನಿಂತು ನಾವು ಕಲಿಯೋದು ಹೇಗೂ ಇದ್ದೇ ಇದೆ.

ಪುಟ ಸಿದ್ಧವಾದ ಮೇಲೆ ಕ್ಲಬ್ಬಿನಿಂದ ಸುತ್ತಮುತ್ತಲ ಪಾಲಿಟೆಕ್ನಿಕ್‌ಗಳ ನೋಟಿಸ್ ಬೋರ್ಡಿಗೆ ಹಾಕಿಸೋಣ. ಕೊನೇ ವರ್ಷದವರ ಕಣ್ಣಿಗೆ ಮಾತ್ರ ಬಿದ್ದರೆ ಸಾಲದು, ಮೊದಲ ವರ್ಷದವರಿಗೂ ಕಾಣಬೇಕು. ಡಿಸಿಇಟಿ ಮುಗಿದು ಸೀಟು ಸಿಗೋವರೆಗಿನ ವಾರಗಳಲ್ಲಿ ಯಾವ ನಾಲ್ಕು ಪಾಠ ಓದಬೇಕು ಅಂತ ಗೊತ್ತಿದ್ದರೆ ಮೂರನೇ ಸೆಮಿಸ್ಟರ್ ಅಷ್ಟು ಹೆದರಿಸಲ್ಲ. ನಿಮ್ಮ ಬ್ರ್ಯಾಂಚಿನ ಪುಟಕ್ಕೆ ಕೈಜೋಡಿಸೋರು, ಅದರಲ್ಲೂ ಡಿಪ್ಲೊಮಾದಿಂದ ಬಂದವರು, ಮುಂದಿನ ಕ್ಲಬ್ ಮೀಟಿಂಗಿಗೆ ಹಳೇ ಸಿಲಬಸ್ ಕಾಪಿ ತಗೊಂಡು ಬನ್ನಿ.