ಬಿಸಿಲಿಗೆ ಕಪ್ಪಾದವಳು ಯಾರಿಗಿಂತ ಕಡಿಮೆ?



ಜಾಹೀರಾತಿನಲ್ಲಿ ಹೆಣ್ಣನ್ನು ತೋರಿಸುವ ರೀತಿಯ ಬಗ್ಗೆ ಮಾತು ಬಂದರೆ ನಾವೆಲ್ಲ ಬಟ್ಟೆಯ ಲೆಕ್ಕ ಹಾಕುತ್ತೇವೆ. ಬಟ್ಟೆ ಕಡಿಮೆಯಿದ್ದರೆ ಕೆಟ್ಟದ್ದು, ಮೈತುಂಬ ಸೀರೆ ಉಟ್ಟಿದ್ದರೆ ಒಳ್ಳೆಯದು. ಈ ಲೆಕ್ಕವೇ ತಪ್ಪು. ಸೀರೆ ಉಟ್ಟ ಹೆಣ್ಣನ್ನು ತೋರಿಸಿಯೂ ಹೆಣ್ಣನ್ನು ಅವಮಾನಿಸಬಹುದು.

ಸ್ತ್ರೀಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ 1986ರ ಕಾಯ್ದೆ ಕೂಡ ಅಶ್ಲೀಲತೆಯೊಂದನ್ನೇ ಹೇಳುವುದಿಲ್ಲ. ಹೆಣ್ಣನ್ನು ಕೀಳಾಗಿ, ಅವಹೇಳನವಾಗಿ ತೋರಿಸುವುದನ್ನೂ ಅದು ಸೇರಿಸುತ್ತದೆ. ಆ ಎರಡನೆಯ ಮಾತನ್ನು ನಾವು ಮರೆತಿದ್ದೇವೆ.

'ಫೇರ್ ಅಂಡ್ ಲವ್ಲಿ' 1975ರಲ್ಲಿ ಮಾರುಕಟ್ಟೆಗೆ ಬಂತು. ಅದರ ಜಾಹೀರಾತಿನ ಕಥೆ ನಮಗೆಲ್ಲ ಬಾಯಿಪಾಠ: ಕಪ್ಪಗಿರುವ ಹುಡುಗಿಗೆ ಕೆಲಸವಿಲ್ಲ, ವರನಿಲ್ಲ, ಕ್ರೀಮ್ ಹಚ್ಚಿದ ಮೇಲೆ ಎಲ್ಲವೂ ಉಂಟು. ಬಣ್ಣದ ಆಧಾರದಲ್ಲಿ ಯಾರನ್ನೂ ಹೀಗಳೆಯಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಕಂಪನಿ ಹೆಸರು ಬದಲಿಸಿ 'ಗ್ಲೋ ಅಂಡ್ ಲವ್ಲಿ' ಎಂದಿತು. ಡಬ್ಬಿಯ ಹೆಸರು ಬದಲಾಯಿತು; ನಮ್ಮ ಮನಸ್ಸು ಬದಲಾಯಿತೇ?

ಸನಮಡಿಯಲ್ಲಿ ಈ ಪ್ರಶ್ನೆ ಬರೀ ಟಿವಿಯದಲ್ಲ. ನಮ್ಮದು ಬರದ ತಾಲೂಕು. ಜತ್ತದ ಹೆಂಗಸರು ಜೋಳದ ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ಬಿಸಿಲುಂಡು ಮನೆ ನಡೆಸುತ್ತಾರೆ. ಅವರ ದುಡಿಮೆಯ ಬಣ್ಣವನ್ನೇ ಜಾಹೀರಾತು 'ಸಮಸ್ಯೆ' ಎನ್ನುತ್ತದೆ. ನಾವೂ ವಧುವಿನ ಬಯೋಡೇಟಾದಲ್ಲಿ 'ಗೋಧಿ ಬಣ್ಣ' ಎಂದು ಬರೆಯುತ್ತೇವೆ, ಮದುವೆ ಫೋಟೋದಲ್ಲಿ ಮುಖ ಬೆಳ್ಳಗೆ ಮಾಡಿಸುತ್ತೇವೆ. ತಾಯಿಯ ಮುಖ ಸುಳ್ಳೆಂದು ಮಗಳಿಗೆ ಕಲಿಸುವುದು ಹೀಗೆಯೇ.

'ಯಾರೂ ಒತ್ತಾಯ ಮಾಡಿಲ್ಲ, ಬೇಕಾದವರು ಕೊಳ್ಳಲಿ' ಎನ್ನುವವರಿದ್ದಾರೆ. ಮೊದಲು ನಾಚಿಕೆಯನ್ನು ಹುಟ್ಟಿಸಿ, ಆಮೇಲೆ ಅದಕ್ಕೆ ಮದ್ದು ಮಾರುವುದು ಯಾವ ಸ್ವಾತಂತ್ರ್ಯ?

ಪವಿತ್ರ ಗ್ರಂಥವನ್ನು ತೆರೆಯಿರಿ. ಪರಮಗೀತೆಯ ವಧು ದ್ರಾಕ್ಷಿ ತೋಟ ಕಾಯ್ದು ಬಿಸಿಲಿಗೆ ಕಪ್ಪಾದವಳು. ತಾನು ಸುಂದರಿ ಎನ್ನಲು ಅವಳು ಹಿಂಜರಿಯುವುದಿಲ್ಲ. ನಮ್ಮ ಅಕ್ಕತಂಗಿಯರಿಗೆ ಇವಳಿಗಿಂತ ಹತ್ತಿರದವಳು ಯಾರು?

ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಲ್ಲಿ ಸುಸನ್ನಳ ಕಥೆಯಿದೆ. ಸ್ನಾನಕ್ಕೆ ಬಂದ ಅವಳನ್ನು ಕದ್ದು ನೋಡಿ, ಬೆದರಿಸಿ, ಸುಳ್ಳು ಅಪವಾದ ಹೊರಿಸಿದವರು ಇಬ್ಬರು ಹಿರಿಯರು. ತಪ್ಪು ಅವರದು. ಆದರೂ ಯುರೋಪಿನ ಎಷ್ಟೋ ಚಿತ್ರಕಾರರು ಅವಳನ್ನು ಆ ಮುದುಕರ ಕಣ್ಣಿನಿಂದಲೇ ನೋಡಿ, ನೋಡುವವರಿಗೆ ಹಬ್ಬವಾಗುವಂತೆ ಬರೆದರು. 1610ರಲ್ಲಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಎಂಬ ಇನ್ನೂ ಹದಿಹರೆಯದ ಹುಡುಗಿ ಅದೇ ಕಥೆಯನ್ನು ಬರೆದಳು. ಅವಳ ಸುಸನ್ನ ಅಸಹ್ಯದಿಂದ ಮುಖ ತಿರುಗಿಸಿ ಇಬ್ಬರನ್ನೂ ಕೈಯಿಂದ ತಡೆಯುತ್ತಾಳೆ. ಇಲ್ಲೂ ಮೈಮೇಲೆ ಬಟ್ಟೆಯಿಲ್ಲ. ಆದರೆ ಅವಮಾನವೂ ಇಲ್ಲ. ವ್ಯತ್ಯಾಸವಿರುವುದು ನೋಡುವ ಕಣ್ಣಿನಲ್ಲಿ.

ಆದ್ದರಿಂದ ಯುವಕರೇ, ಪೋಸ್ಟರ್ ಹರಿಯುವ ಶೌರ್ಯ ಬೇಡ. ಹುಡುಗಿಯರ ಬಟ್ಟೆಗೆ ಕಾವಲುಗಾರರೂ ಆಗಬೇಡಿ. ಹುಡುಗಿ ನೋಡಲು ಹೋದಾಗ ಮನೆಯವರು ಬಣ್ಣದ ಮಾತೆತ್ತಿದರೆ ಅಲ್ಲೇ ಬಾಯಿ ಬಿಡಿ. ಯುವತಿಯರೇ, ಫೋಟೋದವನಿಗೆ ನನ್ನ ಬಣ್ಣ ನನಗಿರಲಿ ಎನ್ನಿ. ತಂದೆತಾಯಂದಿರೇ, ಬಯೋಡೇಟಾದಿಂದ ಆ ಒಂದು ಸಾಲನ್ನು ಹೊಡೆದುಹಾಕಿ.

ದೇವರು ತನ್ನ ರೂಪದಲ್ಲಿ ಸೃಷ್ಟಿಸಿದ ಮುಖಕ್ಕೆ ತಿದ್ದುಪಡಿ ಬೇಕಿಲ್ಲ.