ಮಸುಕಿನ ಮೋಹ

ನನ್ನ ಅಕ್ಕನ ಮಗನಿಗೆ ಮೊದಲನೆಯ ಮದುವೆ ಸಿಕ್ಕಿದೆ. ಅವನ ಮದುವೆಯಲ್ಲ, ಹಣ ಪಡೆದು ಫೋಟೋ ತೆಗೆದುಕೊಡಬೇಕಾದ ಪರರ ಮದುವೆ. ಮುಂಗಡವೂ ಕೈಸೇರಿದೆ. ಆ ಸಂತೋಷದಲ್ಲಿ ನಮ್ಮ ಮನೆಗೆ ಬಂದವನು ಕಾಫಿಯ ಲೋಟ ಕೆಳಗಿಡುವ ಮೊದಲೇ ಹೇಳಿದ:

"ಮಾಮ, ಈ ದುಡ್ಡಿಗೆ ಇನ್ನಷ್ಟು ಸಾಲ ಸೇರಿಸಿ 85 ಮಿಲಿಮೀಟರಿನ ಎಫ್ 1.4 ಲೆನ್ಸು ತೊಗೊಂಡುಬಿಡ್ತೀನಿ. ಅದಿಲ್ಲದೆ ಮದುವೆಗೆ ಹೋದ್ರೆ ನಾಲ್ಕು ಜನ ನಗ್ತಾರೆ."

"ಅದ್ರಲ್ಲಿ ಏನಪ್ಪ ಅಂಥಾದ್ದು?"

"ಹಿನ್ನೆಲೆ ಬೆಣ್ಣೆ ಹಾಗೆ ಕರಗಿಹೋಗುತ್ತೆ, ಮಾಮ!"

"ಹಿನ್ನೆಲೇಲಿ ಯಾರಿರ್ತಾರೆ?" ಎಂದು ಕೇಳಿದೆ. ಹುಡುಗ ತಬ್ಬಿಬ್ಬಾದ. ಆ ಪ್ರಶ್ನೆಯನ್ನು ಅವನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಆ ಒಬ್ಬ ಹುಡುಗನನ್ನು ಅಂದು ಏನು ಫಲ? ಮದುವೆಯ ಫೋಟೋ ತೆಗೆಯುವವರ ಲೋಕದಲ್ಲೆಲ್ಲ ಈ ಮೋಹ ಹಬ್ಬಿದೆ. ಹೆಣ್ಣಿನ ಕಣ್ಣರೆಪ್ಪೆ ಮಾತ್ರ ಸ್ಪಷ್ಟವಾಗಿರಬೇಕು, ಉಳಿದ ಜಗತ್ತೆಲ್ಲ ಹೊಗೆಯಾಗಬೇಕು. ಇದಕ್ಕೆ ಬೊಕೆ ಎಂದು ಹೆಸರು. ಅದು ಜಪಾನೀ ಮಾತು, ಮಸುಕು ಎಂದರ್ಥ. ಆ ನಾಡಿನಲ್ಲಿ ಮುದುಕರ ಅರಳುಮರಳಿಗೂ ಅದೇ ಮಾತನ್ನು ಬಳಸುತ್ತಾರೆ. ನಮ್ಮ ತರುಣರು ಮೊದಲನೆಯ ಅರ್ಥವನ್ನು ಬಯಸಿ ಎರಡನೆಯದಕ್ಕೆ ಸಿಕ್ಕಿಬಿದ್ದಿದ್ದಾರೆಂದು ನನ್ನ ಆರೋಪ.

ಹಾಗೆಂದು ಆ ಲೆನ್ಸನ್ನು ನಾನು ಹಳಿಯುವವನಲ್ಲ. ಮುಖಚಿತ್ರಕ್ಕೆ 85 ಒಳ್ಳೆಯದೆಂಬುದು ನಿಜ. ಅದನ್ನು ತೊಟ್ಟವನು ಆರೇಳು ಅಡಿ ದೂರ ನಿಲ್ಲಬೇಕಾಗುತ್ತದೆ. ಅಷ್ಟು ದೂರದಿಂದ ಕಂಡ ಮುಖದಲ್ಲಿ ಮೂಗು ದಪ್ಪವಾಗುವುದಿಲ್ಲ, ಕಿವಿ ಹಿಂದೆ ಸರಿಯುವುದಿಲ್ಲ. ಈ ಗುಣ ದೂರದ್ದು. ಗಾಜಿನದೂ ಅಲ್ಲ, ಬೆಲೆಯದೂ ಅಲ್ಲ. ಇನ್ನು ದೊಡ್ಡ ಬಾಯಿಯ ಲೆನ್ಸು ಹುಟ್ಟಿದ್ದಾದರೂ ಏತಕ್ಕೆ? 1840ರಲ್ಲಿ ಪೆಟ್ಸ್‌ವಾಲ್ ಎಂಬ ಗಣಿತಜ್ಞ ಮುಖಚಿತ್ರಕ್ಕೆಂದೇ ಒಂದು ಲೆನ್ಸನ್ನು ಲೆಕ್ಕಹಾಕಿ ರೂಪಿಸಿದ. ಆಗ ಫೋಟೋಕ್ಕೆ ಕುಳಿತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾಗಿತ್ತು. ಆ ಶಿಕ್ಷೆಯನ್ನು ತಗ್ಗಿಸಲು ಹೆಚ್ಚು ಬೆಳಕು ಬೇಕಾಗಿತ್ತು. ಅಂಚುಗಳ ಮಸುಕು ಆ ಲೆನ್ಸಿನ ಕೊರತೆ; ಬೆಳಕಿನ ಆಸೆಗಾಗಿ ಜನ ಅದನ್ನು ಸಹಿಸಿಕೊಂಡರು. ಅಂದು ಸಹಿಸಿಕೊಂಡದ್ದನ್ನೇ ಇಂದು ಸಾಲ ಮಾಡಿ ಕೊಳ್ಳುತ್ತಿದ್ದೇವೆ.

ಲೆಕ್ಕವನ್ನೇ ನೋಡೋಣ. ನನ್ನ ಸೋದರಳಿಯನದು ಚಿಕ್ಕ ಸೆನ್ಸರಿನ ಕ್ಯಾಮೆರಾ. ಅದಕ್ಕೆ 85ನ್ನು ತೊಡಿಸಿ ಎಫ್ 1.4ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 3 ಸೆಂಟಿಮೀಟರ್, ಎಂದರೆ ಎರಡು ಬೆರಳಗಲ. ಧಾರೆಯ ಹೊತ್ತಿನಲ್ಲಿ ಮಂಟಪದ ಮೇಲೆ ಎಷ್ಟು ಜನ ಒಬ್ಬರ ಹಿಂದೊಬ್ಬರು ನಿಂತಿರುತ್ತಾರೆಂದು ನೆನೆಸಿಕೊಳ್ಳಿ. ಎರಡು ಬೆರಳಗಲದೊಳಗೆ ಯಾವ ಬಂಧುಬಳಗ ನಿಂತೀತು? ಇಷ್ಟೇ ಅಲ್ಲ. ಅದೇ ಲೆನ್ಸಿನಲ್ಲಿ ಗಂಡುಹೆಣ್ಣನ್ನು ಅಡಿಯಿಂದ ಮುಡಿಯವರೆಗೆ ಹಿಡಿಯಬೇಕಾದರೆ ಸುಮಾರು 23 ಅಡಿ ಹಿಂದೆ ಸರಿಯಬೇಕು. ನಮ್ಮ ಛತ್ರಗಳಲ್ಲಿ ಅಷ್ಟು ಹಿಂದೆ ಸರಿದರೆ ವೀಡಿಯೋದವರ ಬೆನ್ನು, ಮೊಬೈಲು ಎತ್ತಿದ ಇಪ್ಪತ್ತು ಕೈಗಳು, ಅಕ್ಷತೆಗೆ ನುಗ್ಗುವ ನೆಂಟರು, ಇಷ್ಟನ್ನೂ ದಾಟಿ ನೋಡಬೇಕು. ಗಟ್ಟಿಮೇಳದವರು ನಿಮ್ಮ ಲೆನ್ಸಿಗಾಗಿ ಕಾಯುವುದಿಲ್ಲ.

"ಛತ್ರದ ಹಿನ್ನೆಲೆ ಅಸಹ್ಯವಾಗಿರುತ್ತೆ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ನೇತುಹಾಕಿದ ಫ್ಯಾನು, ಇವನ್ನೆಲ್ಲ ಮರೆಸೋದು ಬೇಡವೇ?" ಎಂದು ಹುಡುಗ ವಾದಿಸಿದ. ಮರೆಸಬೇಕಾದದ್ದು ಕುರ್ಚಿಯಾದರೆ ಎರಡು ಹೆಜ್ಜೆ ಪಕ್ಕಕ್ಕೆ ನಿಂತರೆ ಸಾಕು. ಹೆಜ್ಜೆಗೆ ಸಾಲ ಬೇಕಿಲ್ಲ. ಫ್ಯಾನನ್ನು ಅಳಿಸಲು ಹೋಗಿ ಅದರ ಕೆಳಗೆ ಕುಳಿತ ಅಜ್ಜಿಯನ್ನು ಅಳಿಸುವುದು ಯಾವ ಕಲೆ?

ಇಷ್ಟು ಖಾರವಾಗಿ ಬರೆಯುವುದಕ್ಕೆ ನನಗೆ ಕಾರಣವಿದೆ. 1987ರಲ್ಲಿ ನಾನೂ ಮೊದಲ ಬಾರಿಗೆ ಹಣ ಪಡೆದು ಒಂದು ಮದುವೆಗೆ ಹೋದೆ. ಗೆಳೆಯನಿಂದ 85ರ ಲೆನ್ಸನ್ನು ಕಡ ತಂದಿದ್ದೆ. ಹಿಂದಿನ ದಿನ ಅದರಲ್ಲಿ ಒಂದು ರೋಲನ್ನಾದರೂ ತೆಗೆದು ನೋಡಬೇಕೆಂಬ ವಿವೇಕ ನನಗಿರಲಿಲ್ಲ. ಫ್ಲ್ಯಾಷ್ ಹಾಕಿದರೆ ಕಲೆ ಕೆಡುತ್ತದೆಂಬ ಅಹಂಕಾರದಿಂದ ಅದನ್ನು ಚೀಲದಲ್ಲೇ ಬಿಟ್ಟು, ಮಂಟಪದ ಮಂದ ಬೆಳಕಿನಲ್ಲಿ ಲೆನ್ಸಿನ ಬಾಯನ್ನು ಪೂರ್ತಿ ತೆರೆದೆ. ಫಿಲ್ಮು ತೊಳೆದು ಪ್ರಿಂಟ್ ಹಾಕಿಸಿದಾಗ ಹೆಣ್ಣಿನ ಮುಖ ಚಂದ್ರನ ಹಾಗಿತ್ತು. ಎಲ್ಲರೂ ಹೊಗಳಿದರು, ನಾನೂ ಬೀಗಿದೆ. ಧಾರೆಯೆರೆಯುವ ಚಿತ್ರದಲ್ಲಿ ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ ನಿಂತಿದ್ದ ತಂದೆ ಬಿಳಿಯ ಪಂಚೆಯುಟ್ಟ ಒಂದು ಮಬ್ಬಾಗಿದ್ದರು. ಅದು ನನಗೆ ದೋಷವೆಂದು ತೋರಲೇ ಇಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಆತ ತೀರಿಕೊಂಡರು. ಮಗಳು ಬಂದಳು. ಅಪ್ಪ ಫೋಟೋಕ್ಕೆ ನಿಲ್ಲುವವರಲ್ಲವಂತೆ. ಮದುವೆಯ ದಿನ ಒಂದು ಸಲ ನಿಂತಿದ್ದರಂತೆ. ಆ ಮುಖವೊಂದನ್ನು ದೊಡ್ಡದು ಮಾಡಿಕೊಡಿ ಎಂದಳು. ಎಷ್ಟು ದೊಡ್ಡದು ಮಾಡಿದರೂ ಇಲ್ಲದ ಕಣ್ಣು ಎಲ್ಲಿಂದ ಬರಬೇಕು? ಮಬ್ಬು ದೊಡ್ಡದಾಯಿತು, ಅಷ್ಟೆ. ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಆದುದರಿಂದ ಮೊದಲ ಮದುವೆಗೆ ಹೊರಟ ತರುಣರಿಗೆ ನನ್ನ ಮಾತು ಇಷ್ಟು. ನಿಮ್ಮ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಬಡವರ ಲೆನ್ಸೆಂದು ನೀವು ಮೂಲೆಗಿಟ್ಟಿರುವ 50 ಮಿಲಿಮೀಟರ್ ಎಫ್ 1.8 ಇದೆಯಲ್ಲ, ಅದು ದೊಡ್ಡ ಸೆನ್ಸರಿನ 75 ಅಥವಾ 80ರಷ್ಟೇ ನೋಟ ಕೊಡುತ್ತದೆ. ಮುಖಚಿತ್ರದ ಲೆನ್ಸು ಆಗಲೇ ನಿಮ್ಮ ಚೀಲದಲ್ಲಿದೆ! ಅದನ್ನು ಎಫ್ 4ಕ್ಕೆ ಕಿರಿದು ಮಾಡಿ ಮೂರು ಮೀಟರ್ ದೂರ ನಿಲ್ಲಿ. ಅರ್ಧ ಮೀಟರಿಗೂ ಮಿಕ್ಕಿದ ಆಳ ಸ್ಪಷ್ಟವಾಗುತ್ತದೆ. ತಂದೆತಾಯಿಗಳಿಗೆ ಅಷ್ಟು ಜಾಗ ಸಾಕು. ಬೆಳಕು ಸಾಲದಿದ್ದರೆ ಐ.ಎಸ್.ಒ. ಏರಿಸಿ. ಆಗ ಕಾಣುವ ಕಾಳುಕಾಳನ್ನು ಮನೆಯಲ್ಲಿ ಕುಳಿತು ತಗ್ಗಿಸಬಹುದು. ತಪ್ಪಿದ ಫೋಕಸನ್ನು ಸರಿಯಾಗಿ ತರುವ ಉಪಾಯವಿಲ್ಲ. ಇಡೀ ಮಂಟಪಕ್ಕೆ 17ರಿಂದ 50ರವರೆಗಿನ ಎಫ್ 2.8 ಜೂಮ್ ಲೆನ್ಸನ್ನು ಬಾಡಿಗೆಗೆ ತನ್ನಿ. ಹಣ ಉಳಿದರೆ ಇನ್ನೊಂದು ಕ್ಯಾಮೆರಾವನ್ನೂ ಬಾಡಿಗೆಗೆ ತನ್ನಿ. ಮುಹೂರ್ತದಲ್ಲಿ ಕೈಯಲ್ಲಿದ್ದ ಒಂದೇ ಕ್ಯಾಮೆರಾ ಕೆಟ್ಟರೆ ಯಾವ ಬೊಕೆಯೂ ಮಾನ ಉಳಿಸದು. ಬೆಳಗಿನ ಕಿಟಕಿಯ ಬೆಳಕಿನಲ್ಲಿ ಹೆಣ್ಣು ಒಬ್ಬಳೇ ಕುಳಿತಾಗ ಬೇಕಾದಷ್ಟು ಮಸುಕು ಮಾಡಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ಹಣ ಕೊಡುವ ಹಿರಿಯರಿಗೂ ಒಂದು ಮಾತಿದೆ. ಈ ಮೋಹಕ್ಕೆ ನೀರೆರೆದವರು ನೀವು. ಸಿನಿಮಾ ಪೋಸ್ಟರಿನಂತಿರುವ ಹತ್ತು ಚಿತ್ರ ನೋಡಿ ಫೋಟೋಗ್ರಾಫರನನ್ನು ಗೊತ್ತುಮಾಡುತ್ತೀರಿ; ಆಲ್ಬಮ್ ಬಂದ ಮೇಲೆ ಸೋದರತ್ತೆ ಎಲ್ಲಿ ಎಂದು ಹುಡುಕುತ್ತೀರಿ. ಯಾರ ಮುಖಗಳು ಬೇಕೇ ಬೇಕೋ ಅವರ ಹೆಸರು ಬರೆದ ಒಂದು ಚೀಟಿಯನ್ನು ಮುಂಗಡದ ಜೊತೆಗೇ ಕೊಡಿ, ಸ್ವಾಮಿ. ಯಾವ ಲೆನ್ಸು ತರಬೇಕೆಂಬುದು ಆ ಹುಡುಗನಿಗೆ ತಾನೇ ತಿಳಿಯುತ್ತದೆ.

ನನ್ನ ಸೋದರಳಿಯ ಇನ್ನೂ ಒಪ್ಪಿಲ್ಲ. ಮುಖ ಊದಿಸಿಕೊಂಡೇ ಎದ್ದ. ಮದುವೆಗೆ ಇನ್ನೂ ಹದಿನೈದು ದಿನ ಇದೆ. ಅಂಗಡಿಗೆ ಹೋಗುವ ಮುನ್ನ ಛತ್ರಕ್ಕೆ ಹೋಗಿ, ಧಾರೆಯ ಹೊತ್ತಿನಲ್ಲಿ ಹೆಣ್ಣಿನ ತಂದೆ ಎಲ್ಲಿ ನಿಲ್ಲುತ್ತಾರೆಂದು ಪುರೋಹಿತರನ್ನು ಕೇಳಿಕೊಂಡು ಬಾ ಎಂದು ಕಳಿಸಿದ್ದೇನೆ.